ಹತ್ತೊಂಬತ್ತು ಸೂಜಿ ಹಿಂದೆ

ಪಾವ್ಲಾ ಅತ್ತೆ ಹೋದ ಮೇಲೆ
ಮನೆ ಅವಳ ಮಗನಿಗೆ, ಗೋಡೆ ಗಡಿಯಾರ ಸೊಸೆಗೆ,
ಯಾರೂ ಕೇಳದೆ ಉಳಿದ ಉರುಟು ದಿಂಬು ನನಗೆ:
ಮರದ ಹೊಟ್ಟು ತುಂಬಿ ಕಲ್ಲಿನಷ್ಟು ಬಿಗಿದದ್ದು,
ಬೆತ್ತದ ಬುಟ್ಟಿಯಲ್ಲಿ ಕೂಸಿನ ಹಾಗೆ ಮಲಗಿದ್ದು.
ಅದರ ಮೇಲೆ ಹದಿನಾಲ್ಕು ಜೊತೆ ಕಡ್ಡಿ,
ಅರ್ಧಕ್ಕೆ ನಿಂತ ಲೇಸು.

ಇದ್ರಿಯಾದ ಅಂಚೆ ಕಚೇರಿಯಲ್ಲಿ
ಇಪ್ಪತ್ತಾರು ವರ್ಷ ಮುದ್ರೆ ಒತ್ತಿದ ಕೈ ನನ್ನದು.
ಆದರೂ ಕಡ್ಡಿ ಹಿಡಿದೊಡನೆ
ಬೆರಳುಗಳು ಏಳು ವರ್ಷದವಾದವು.
ತಿರುವು, ದಾಟು, ತಿರುವು. ಸೂಜಿ ಚುಚ್ಚು.
ಮರಕ್ಕೆ ಮರ ತಾಗುವ ಆ ಕಟಕಟ,
ಪಕ್ಕದ ಕೋಣೆಯಲ್ಲಿ ಯಾರೋ ಬೀಜ ಒಡೆಯುವ ಹಾಗೆ.

ಅವಳು ಬಯ್ಯುತ್ತಿರಲಿಲ್ಲ.
ಕನ್ನಡಕವನ್ನು ಮೂಗಿನ ತುದಿಗಿಳಿಸಿ
ಕಾಳಿನಿಂದ ಕಲ್ಲು ಆರಿಸುವವಳ ಹಾಗೆ
ಒಂದೊಂದೇ ಸೂಜಿ ಕೀಳುತ್ತಿದ್ದಳು.
ನನ್ನ ಮೂರು ಸಂಜೆ
ಬರೀ ನೂಲಾಗಿ ಮಡಿಲಿಗೆ ಬೀಳುತ್ತಿತ್ತು.
"ಯಾರಿಗೆ ಕಾಣತ್ತೆ ಅತ್ತೆ?"
"ನೂಲಿಗೆ ಗೊತ್ತಲ್ಲ."

ಗಣಿಯಿಂದ ಬಂದ ಮಾವ
ಸೂಪಿನ ಚಮಚ ಬಾಯಿಗೆ ಮುಟ್ಟುವಷ್ಟರಲ್ಲಿ
ಅರ್ಧ ಅಂಗಿಗೆ ಕುಡಿಸುತ್ತಿದ್ದ;
ಪಾದರಸ ಅವನ ಬೆರಳಲ್ಲಿ ಬಿಡಾರ ಹೂಡಿತ್ತು.
ಅವಳ ಕೈ ನಡುಗಿದ್ದು ಮಾತ್ರ ನಾನು ಕಾಣೆ.
"ಒಂದು ಮನೆಗೆ ಒಂದು ಜೊತೆ ನಡುಗುವ ಕೈ ಸಾಕು"
ಎಂದಿದ್ದಳು ಒಮ್ಮೆ, ಹಿಟ್ಟು ನಾದುತ್ತ.

ಈಗ ಕೇಳಿ.
ಮೊನ್ನೆ ರಾತ್ರಿ ದೀಪ ಹತ್ತಿರಕ್ಕೆಳೆದು
ಮುಂದುವರಿಸಲು ಕೂತವಳಿಗೆ ಕಂಡಿತು:
ಅವಳ ಕೈ ನಿಂತಲ್ಲಿಂದ ಹತ್ತೊಂಬತ್ತು ಸೂಜಿ ಹಿಂದೆ,
ಎಲೆಯ ತೊಟ್ಟಿನ ಬಳಿ,
ಒಂದು ಜೊತೆ ದಾಟಲೇ ಇಲ್ಲ.
ಬೆರಳಿನಿಂದ ಸವರಿದೆ. ಭೂತಗನ್ನಡಿ ತಂದೆ.
ಇನ್ನೊಂದು ಎಲೆಯನ್ನು ಎಣಿಸಿ, ಇದನ್ನು ಎಣಿಸಿ,
ನನ್ನ ಕಣ್ಣನ್ನೇ ಸುಳ್ಳುಗಾರ ಮಾಡಲು ನೋಡಿದೆ.
ಇಲ್ಲ. ತಪ್ಪು ಅವಳದೇ.

ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ.
ಮೂವತ್ತೇಳು ವರ್ಷದ ಸಾಲ ತೀರಿದಂತೆ.
ಆಮೇಲೆ ಹೊಟ್ಟೆ ತಣ್ಣಗಾಯಿತು:
ಸರಿಮಾಡಬೇಕೆಂದರೆ ಬಿಚ್ಚಬೇಕು,
ಬಿಚ್ಚಬೇಕಾದದ್ದು ಅವಳು ಕೊನೆಗೆ ಕೂತ ಸಂಜೆಯನ್ನು.
ಬಿಟ್ಟರೆ, ನೂಲಿಗೆ ಗೊತ್ತು.

ಚಹಾ ಆರಿತು. ನಾನು ಬಿಚ್ಚಿದೆ.

ಹಿಂದಕ್ಕೆ ಹೆಣೆಯುವುದೆಂದರೆ
ಮಾತನ್ನು ಕೊನೆಯ ಅಕ್ಷರದಿಂದ ಹೇಳಿದ ಹಾಗೆ.
ದಾಟಿದ್ದನ್ನು ಮರಳಿ ದಾಟಿಸು, ತಿರುವಿದ್ದನ್ನು ತಿರುಗಿಸು,
ಸೂಜಿ ಕಿತ್ತು ಬಟ್ಟಲಿಗೆ ಹಾಕು. ಟಿಣ್.
ಎಂಟನೆಯ ಸೂಜಿಯಲ್ಲಿ ಒಂದು ಗಂಟು ಸಿಕ್ಕಿತು,
ಸಾಸಿವೆಗಿಂತ ಸಣ್ಣದು, ನೂಲು ಹರಿದು ಕೂಡಿಸಿದ್ದು.
ಹನ್ನೆರಡರಲ್ಲಿ ಎಳೆತ ಸಡಿಲ:
ಎದ್ದು ಹೋಗಿ ಬಾಗಿಲು ತೆಗೆದಿರಬೇಕು,
ಅಥವಾ ಒರಗಿ ಕಣ್ಣು ಮುಚ್ಚಿರಬೇಕು.
ಹದಿನೈದರಿಂದಾಚೆ ಎಳೆ ಅಲ್ಲಲ್ಲಿ
ಒಮ್ಮೆ ಬಿಗಿ, ಒಮ್ಮೆ ಜೋಲು.
ನಡುಗುವ ಕೈ ನಾನು ಬಲ್ಲೆ,
ಮಾವನ ಚಮಚದಲ್ಲಿ ನೋಡಿದ್ದೆ.

ಹತ್ತೊಂಬತ್ತನೆಯ ಸೂಜಿ ಕೀಳಲು
ಹೊದಿಸಿದ್ದ ಬಟ್ಟೆಯ ಅಂಚು ಮಡಚಿದೆ.
ನಕ್ಷೆಯ ಕಾಗದದ ಬದಿಗೆ ಸೀಸದ ಕಡ್ಡಿಯಲ್ಲಿ
ಒಂದು ಬಾಣದ ಗುರುತು, ತೊಟ್ಟಿನ ಕಡೆಗೆ.
ಪಕ್ಕಕ್ಕೆ ಸೊಟ್ಟಪಟ್ಟ ಅಕ್ಷರ, ಎರಡೇ ಶಬ್ದ:
ನಾಯ್ ಬೋ.
ಇರಲಿ ಬಿಡು.

ಬಟ್ಟಲಲ್ಲಿ ಹದಿನೆಂಟು ಸೂಜಿ.
ಅತ್ತೆ, ಇದನ್ನು ನನಗೆ
ಏಳು ವರ್ಷಕ್ಕೇ ಹೇಳಬಾರದಿತ್ತೆ?

ಈಗ ಆ ತಪ್ಪನ್ನು ತಪ್ಪಿಲ್ಲದೆ ಹೆಣೆಯಬೇಕು.
ಅದೇ ಜಾಗ, ಅದೇ ಜೊತೆ, ದಾಟಿಸದೆ ಬಿಡಬೇಕು, ಅಷ್ಟೆ.
ಮಗುವೂ ಮಾಡುವ ಕೆಲಸ.
ಮೂರು ಸಲ ಕೂತೆ.
ಮೂರು ಸಲವೂ ಕೈ, ನನ್ನನ್ನು ಕೇಳದೆ,
ಸರಿಯಾಗಿ ದಾಟಿಸಿಬಿಟ್ಟಿತು.
ಕಲಿಸಿದವಳು ಹಾಗೆ ಕಲಿಸಿದ್ದಾಳೆ.
ಬಿಚ್ಚಿದೆ. ಹೆಣೆದೆ. ಬಿಚ್ಚಿದೆ.
ಹೊರಗೆ ಹೊಳೆಯ ಮೇಲೆ ಬೆಳಕು ಹರಿಯಿತು.

ಬೆಳಿಗ್ಗೆ ಕಚೇರಿಯಲ್ಲಿ
ಸ್ಲಾವ್ಕೋ ಬಂದು ಹೆಗಲು ತಟ್ಟಿ ತೋರಿಸುವ ಹೊತ್ತಿಗೆ
ಹನ್ನೊಂದು ಲಕೋಟೆ
ನಿನ್ನೆಯ ತಾರೀಕು ಹೊತ್ತು
ವ್ಯಾನು ಹತ್ತಿ ಹೋಗಿದ್ದವು.